ಸದ್ಯಕ್ಕೆ

ಸದ್ಯ, ಬೆಂಕಿ ಸಣ್ಣದು.
ಎಲ್ಲರೂ ಹೇಳಿದ್ದು ಅದನ್ನೇ, ನಾನೂ.
ಡ್ಯಾಶ್‌ಬೋರ್ಡಿನ ಕೆಳಗೆ ಮೊಳದುದ್ದ ವೈರು,
ಒಂದು ಸ್ವಿಚ್ಚು, ಕಾರ್ಪೆಟ್ಟಿನ ಮೂಲೆ,
ಆಸ್ಪತ್ರೆಯ ಲ್ಯಾಬಿನಲ್ಲಿ ತೊಡುವ ನನ್ನ ಬಿಳಿ ಕೋಟು
(ಅದನ್ನೇ ಎಸೆದು ಹೊಸಕಿದ್ದು),
ಮತ್ತೆ ಅಂಗೈಯಲ್ಲಿ, ಬ್ಯಾಟರಿಯ ಕೇಬಲ್ಲು ಕಿತ್ತ ಕಡೆ
ಹುಣಸೆಬೀಜದಷ್ಟು ಬೊಬ್ಬೆ.

ಊರು, ಬರೆಯುವುದೊಂದು, ಕರೆಯುವುದು ಕೀತ್ಲಿ.
ರೈಲುಹಳಿಯ ಹಿಂದೆ ಸಾಲಾಗಿ ಹನ್ನೊಂದು ಗ್ಯಾರೇಜು,
ಏಳನೆಯದು ನನ್ನದು. ತಗಡಿನ ಬಾಗಿಲು, ಕರೆಂಟಿಲ್ಲ.
ಒಳಗೆ ಅರವತ್ತೇಳರ ಹೆರಾಲ್ಡ್, ಮೂರು ವರ್ಷದಿಂದ
‘ಈ ಬೇಸಿಗೆಗೆ ರೋಡಿಗಿಳಿಯುತ್ತೆ’ ಅನ್ನಿಸಿಕೊಂಡದ್ದು.
ಇದರ ತಂಗಿಯೊಬ್ಬಳು ಮದರಾಸಿನಲ್ಲಿ ಹುಟ್ಟಿ
ಹೊಸದುರ್ಗದ ಹಲ್ಲಿನ ಡಾಕ್ಟರ ಮನೆಮುಂದೆ ನಿಲ್ಲುತ್ತಿದ್ದಳು.
ಆಗ ನನಗೆ ಗಾಜು ಒರೆಸುವಷ್ಟೇ ಅಪ್ಪಣೆ.

ಬಾಗಿಲು ತೆಗೆದರೆ ಈಗಲೂ ವಾಸನೆ:
ಮೇಲೆ ಸುಟ್ಟ ಪ್ಲಾಸ್ಟಿಕ್ಕು, ಅದರಡಿಗೆ ಸುಟ್ಟ ಬಟ್ಟೆ,
ಅದರಡಿಗೆ ಇನ್ನೇನೋ, ಬುಡ್ಡಿದೀಪ ಊದಿದ ಮೇಲಿನದು.

ಬೆನ್ನಡಿ ಮಲಗಿ ಒಂದೊಂದೇ ಎಳೆ ಬಿಡಿಸುತ್ತೇನೆ,
ಸಿಕ್ಕುಗಟ್ಟಿದ ಜಡೆಯನ್ನು ತುದಿಯಿಂದ ಬಿಡಿಸಬೇಕಲ್ಲ, ಹಾಗೆ.
ಬಿಳಿಯದು ಕೀಲಿ ತಿರುಗಿಸಿದಾಗ ಏಳುವುದು.
ನೀಲಿ ದೊಡ್ಡ ದೀಪಕ್ಕೆ, ಕೆಂಪು ಚಿಕ್ಕದಕ್ಕೆ.
ಕರಿಯದು ಕಾರಿನ ಮೈಗೇ ಹೋಗಿ ಮುಟ್ಟುವುದು.
ಅರ್ಥು ಅನ್ನುತ್ತಿದ್ದರು ನಮ್ಮ ಕಡೆ. ಅರ್ಥ ಎಂದೇ
ತಿಳಿದಿದ್ದೆ ಬಹಳ ದಿನ: ಯಾವ ದೀಪಕ್ಕೂ
ಅರ್ಥ ಬೇಕು, ಇಲ್ಲದಿದ್ದರೆ ಹತ್ತದು, ಎಂದು.
ಕಂದಿನ ಮಾತೇ ಬೇರೆ. ಕಂದು ಕೀಲಿಯನ್ನು ಕೇಳುವುದಿಲ್ಲ.
ಕಾರು ಮಲಗಿದರೂ ಅದು ಎದ್ದೇ ಇರುತ್ತದೆ.

ಪಕ್ಕದ ಗ್ಯಾರೇಜಿನ ಅಕ್ರಾಯ್ಡ್, ಬ್ರ್ಯಾಡ್‌ಫರ್ಡಿನ ಬಸ್ಸುಗಳಿಗೆ
ಮೂವತ್ತು ವರ್ಷ ವೈರು ಎಳೆದವನು,
ಮಡಚುವ ಕುರ್ಚಿ ತಂದು ಕೂತ. ಫ್ಲಾಸ್ಕಿನ ಚಹಾ.
‘ಯಾರ ಕೆಲಸ ಇದು?’ ಅಂದ.
ಹಳೇ ಮಾಲೀಕನ ಹೆಸರು ಸಲೀಸಾಗಿ ಬಾಯಿಗೆ ಬಂತು:
ಹೆನ್‌ಶಾ, ಸ್ಕಿಪ್ಟನ್ನಿನ ಆಚೆ ಕುರಿ ಸಾಕುವವನು,
ಬೇಲಿ ಬಿಗಿಯುವ ಕೈಯಲ್ಲೇ ವೈರೂ ಬಿಗಿದಿದ್ದಾನೆ, ನೋಡು.
ಇಬ್ಬರೂ ನಕ್ಕೆವು. ಇನ್ನಷ್ಟು ಬೈದೆ.

ನಾಲ್ಕನೇ ಶನಿವಾರ ಬೆಂಕಿಯ ಬುಡ ಸಿಕ್ಕಿತು.
ಕರಿಕಲಾದ ಟೇಪಿನ ಗಂಟನ್ನು ಉಗುರಿನಿಂದ ಕೆರೆದರೆ
ಒಳಪದರ ಹಳದಿ.

ಹಳದಿ ಟೇಪು ಕೊಂಡವಳು ನಾನು.
ಕರಿಯದು ಅಂಗಡಿಯಲ್ಲಿ ಮುಗಿದಿತ್ತು.
ಆಚೆ ವರ್ಷದ ಚಳಿ, ಬೆಳಕಿಗೆಂದು ಒಂದು ಬಲ್ಬು,
ಕಂದಿನ ಸಿಪ್ಪೆ ಸುಲಿದು, ಎರಡು ಸುತ್ತು ಹೊಸೆದು,
ಫ್ಯೂಸಿಲ್ಲ, ತಗಡಿನ ತೂತಿಗೆ ರಬ್ಬರಿಲ್ಲ,
ಬೆರಳು ಮರಗಟ್ಟಿತ್ತು, ರಾತ್ರಿಪಾಳಿಗೆ ಹೊತ್ತಾಗಿತ್ತು,
‘ಸದ್ಯಕ್ಕಿರಲಿ’ ಅಂದಿದ್ದೆ.
ಜೋರಾಗಿಯೇ, ಕನ್ನಡದಲ್ಲಿ, ಯಾರೂ ಇಲ್ಲದ ಗ್ಯಾರೇಜಿಗೆ.

ಆ ಸದ್ಯ ಹದಿನಾಲ್ಕು ತಿಂಗಳು ಬದುಕಿತು,
ತಗಡಿನ ಅಂಚಿಗೆ ಕತ್ತು ತಿಕ್ಕುತ್ತ.

ಅಕ್ರಾಯ್ಡ್ ಗಂಟು ನೋಡಿದ. ನನ್ನ ಪೆಟ್ಟಿಗೆಯಲ್ಲಿ
ಅರ್ಧ ಮುಗಿದ ಹಳದಿ ಸುರುಳಿಯನ್ನೂ ನೋಡಿದ.
ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಕುರ್ಚಿ ಮಡಚಿ ಹೋದ.
ಒಂದು ರೈಲು ಹಾಯುವಷ್ಟು ಹೊತ್ತಿಗೆ ವಾಪಸು,
ಕೈಯಲ್ಲಿ ಹಿಡಿಕೆ ಸವೆದ ಕ್ರಿಂಪಿಂಗ್ ಇಕ್ಕಳ.
‘ಹೆನ್‌ಶಾಗೆ ಇದು ಬೇಕಾಗಬಹುದು’ ಅಂದ.

ಹೊಸ ಎಳೆ, ಹೊಸ ತುದಿ, ಪ್ರತಿ ತೂತಿಗೂ ರಬ್ಬರಿನ ಬಳೆ.
ಕಂದಿಗೆ ಫ್ಯೂಸು, ಎಲ್ಲಕ್ಕಿಂತ ಮೊದಲು.
ಇವತ್ತು ಕೀಲಿ ತಿರುಗಿಸಿದೆ.
ಎಡಕ್ಕೆ ಅಂದರೆ ಬಲಕ್ಕೆ ಮಿಟುಕಿತು.
ಅದಲುಬದಲು ಮಾಡಿದೆ. ಹೇಳಿದ ಮಾತು ಕೇಳಿತು.

ಒಂದು ನೇರಳೆ ಮಾತ್ರ ಉಳಿದಿದೆ,
ಎಲ್ಲಿಗೆ ಹೋಗುವುದೋ, ನಕ್ಷೆಯಲ್ಲೂ ಇಲ್ಲ.
ಕೈ ತಾನಾಗಿ ಪೆಟ್ಟಿಗೆಗೆ ಹೋಯಿತು, ಸುರುಳಿ ತಡಕಿತು.
ಹೊತ್ತಾಗಿತ್ತು, ಇವತ್ತೂ.

ಬ್ಯಾಟರಿಯನ್ನೇ ಬಿಚ್ಚಿ ಚೀಲಕ್ಕೆ ಹಾಕಿ
ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ.
ಡ್ರೈವರು ಚೀಲ ನೋಡಿದ, ನನ್ನ ನೋಡಿದ,
ಟಿಕೆಟ್ಟು ಒಂದೇ ಕೊಟ್ಟ.